ಬೈಪಾಸ್ ಬಿಟ್ಟು ಇಳಿದರೆ ಊಟ

ಹೆದ್ದಾರಿ ಪಕ್ಕದ ದೊಡ್ಡ ಫುಡ್ ಕೋರ್ಟ್‌ನಲ್ಲಿ ಇಡ್ಲಿ ಯಾಕೆ ತಣ್ಣಗಿರುತ್ತೆ? ಭಟ್ಟರಿಗೆ ಕೆಲಸ ಗೊತ್ತಿಲ್ಲ ಅಂತಲ್ಲ. ಅವರಿಗೆ ನಿಮ್ಮ ಹೆದರಿಕೆ ಇಲ್ಲ, ಅಷ್ಟೆ. ನೀವು ತಿಂತೀರಿ, ಗೊಣಗ್ತೀರಿ, ಬಿಲ್ ಕೊಟ್ಟು ಹೋಗ್ತೀರಿ. ಹತ್ತು ನಿಮಿಷಕ್ಕೆ ಇನ್ನೊಂದು ಬಸ್ ಬಂದು ನಿಲ್ಲುತ್ತೆ. ನೀವು ಮತ್ತೆ ಆ ಕಡೆ ಬರೋದು ಮುಂದಿನ ವರ್ಷವೋ, ಇನ್ಯಾವಾಗಲೋ. ಅದೇ ತಾಲ್ಲೂಕು ಕಚೇರಿ ಎದುರಿನ ಹೋಟೆಲ್ ನೋಡಿ. ಬೆಳಗ್ಗೆ ಸಾಂಬಾರಿಗೆ ಉಪ್ಪು ಹೆಚ್ಚಾದರೆ, ಹನ್ನೊಂದು ಗಂಟೆಗೆ ಕಾಫಿಗೆ ಬರೋ ಗುಮಾಸ್ತರು ಗಲ್ಲಾಪೆಟ್ಟಿಗೆ ಮುಂದೆಯೇ ನಿಂತು ಕೇಳ್ತಾರೆ. ಎರಡು ದಿನ ಹಾಗಾಯ್ತೋ, ಗಿರಾಕಿ ಎದುರು ಸಾಲಿನ ಹೋಟೆಲ್ಲಿಗೆ ಹೋಗ್ತಾನೆ. ನಾಳೆಯೂ ಬರೋ ಗಿರಾಕಿ ಎಲ್ಲಿದ್ದಾನೋ ಅಲ್ಲಿ ಊಟ ಚೆನ್ನಾಗಿರುತ್ತೆ. ದಾರಿಯಲ್ಲಿ ಊಟ ಹುಡುಕೋ ಲೆಕ್ಕಾಚಾರವೆಲ್ಲ ಇದರ ಸುತ್ತಲೇ ಇರೋದು.

ಈಗ ಇದನ್ನ ಹೇಳೋದಕ್ಕೆ ಕಾರಣ ಇದೆ. ಬೆಂಗಳೂರಲ್ಲಿ ಕ್ಯಾರವಾನ್ ಬಾಡಿಗೆಗೆ ಸಿಗ್ತಾ ಇದೆ. ಮಲಗೋಕೆ ಹಾಸಿಗೆ, ಪುಟ್ಟ ಅಡುಗೆಮನೆ, ಶೌಚಾಲಯ ಎಲ್ಲ ಇರೋ ಗಾಡಿ. ಮಕ್ಕಳು ಮರಿ ಕಟ್ಟಿಕೊಂಡು ನಾಲ್ಕು ದಿನ ರಾಜ್ಯ ಸುತ್ತಿ ಬರೋ ಆಸೆ ಅನೇಕರಿಗೆ. ವೀಕ್ಷಕರು ಸಿಕ್ಕಾಗ ಕೇಳ್ತಾರೆ: 'ಸರ್, ಚುನಾವಣೆ ಬಂದಾಗ ನೀವು ಬಸ್ಸಲ್ಲೇ ರಾಜ್ಯ ಸುತ್ತುತ್ತೀರಲ್ಲ, ಊಟ ಎಲ್ಲಿ ಮಾಡ್ತೀರಿ?' ನಮ್ಮ ಚುನಾವಣಾ ಬಸ್ಸೂ ಒಂದು ಥರ ಕ್ಯಾರವಾನೇ. ಹಿಂದೆ ಒಂದು ಓಬಿ ವ್ಯಾನ್, ಒಟ್ಟು ಹತ್ತು ಹನ್ನೆರಡು ಜನರ ಹೊಟ್ಟೆ. ಹಾಗಾಗಿ ಈ ವಿಷಯದಲ್ಲಿ ನನಗೆ ಸ್ವಲ್ಪ ಅಧಿಕಾರ ಇದೆ ಅಂದುಕೊಂಡಿದ್ದೇನೆ.

ಮೊದಲು ರಸ್ತೆ ವಿಚಾರ. 2023ರ ಮಾರ್ಚ್ 12ರಂದು ಪ್ರಧಾನಿ ಮೋದಿ ಮಂಡ್ಯದಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆ ಮಾಡಿದರು. 118 ಕಿಲೋಮೀಟರ್. ಒಳ್ಳೆ ರಸ್ತೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲ ಪಕ್ಕಕ್ಕೆ ಸರಿದವು. ಬಿಡದಿಯ ತಟ್ಟೆ ಇಡ್ಲಿ, ಮದ್ದೂರಿನ ವಡೆ ಮೊದಲು ತಾವಾಗಿಯೇ ದಾರಿಗೆ ಸಿಗ್ತಾ ಇದ್ದವು. ಈಗ ನೀವೇ ಹುಡುಕಿಕೊಂಡು ಹೋಗಬೇಕು. ಹಳೇ ರಸ್ತೆಯ ಹೋಟೆಲಿನವರು, ಚನ್ನಪಟ್ಟಣದ ಬೊಂಬೆ ಅಂಗಡಿಯವರು ವ್ಯಾಪಾರ ಬಿತ್ತು ಅಂತ ಕ್ಯಾಮೆರಾ ಮುಂದೆಯೇ ಹೇಳಿದ್ದಾರೆ. ಮದ್ದೂರು ವಡೆ ಹೆಸರಾಗಿದ್ದೇ ಅಲ್ಲಿನ ರೈಲು ನಿಲ್ದಾಣದಲ್ಲಿ, ಅಂದರೆ ಪ್ರಯಾಣಿಕರಿಂದ. ಆ ಪ್ರಯಾಣಿಕರೇ ಈಗ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಊರಾಚೆ ಹಾದು ಹೋಗ್ತಾ ಇದ್ದಾರೆ.

ಜನ ಯಾಕೆ ಇಳಿಯಲ್ಲ? ಆಲಸ್ಯ ಅಂತ ಬೈಯೋದು ಸುಲಭ. ನಿಜ ಕಾರಣ ಬೇರೆ, ಅದು ಶೌಚಾಲಯ. ಹೆಣ್ಣುಮಕ್ಕಳು, ವಯಸ್ಸಾದವರು, ಸಣ್ಣ ಮಕ್ಕಳನ್ನ ಕರಕೊಂಡು ಹೊರಟವರು ಊಟ ನೋಡಿ ಹೋಟೆಲ್ ಆರಿಸಲ್ಲ. ಎಲ್ಲಿ ಸ್ವಚ್ಛ ಟಾಯ್ಲೆಟ್ ಇದೆಯೋ ಅಲ್ಲಿ ನಿಲ್ಲಿಸ್ತಾರೆ, ನಿಂತ ಮೇಲೆ ಅಲ್ಲೇ ತಿಂತಾರೆ. ಪೇಟೆ ಹೋಟೆಲ್ಲಿನ ಹಿಂಭಾಗ ನೋಡಿದವರಿಗೆ ಇದು ಅರ್ಥ ಆಗುತ್ತೆ. ಊಟ ಚಿನ್ನದಂಥದ್ದು, ಹಿಂದುಗಡೆ ಮಾತ್ರ ಕೇಳಬೇಡಿ. ಕ್ಯಾರವಾನಿನವರಿಗೆ ಈ ಕಷ್ಟವೇ ಇಲ್ಲವಲ್ಲ! ಶೌಚಾಲಯ ನಿಮ್ಮ ಜೊತೆಯಲ್ಲೇ ಬರ್ತಾ ಇದೆ. ಅಂದಮೇಲೆ ಫುಡ್ ಕೋರ್ಟಿಗೆ ಹೋಗೋಕೆ ಉಳಿದಿರೋ ಕಾರಣ ಪಾರ್ಕಿಂಗ್ ಒಂದೇ.

ಅದಕ್ಕೂ ದಾರಿ ಇದೆ. ದೊಡ್ಡ ಗಾಡೀನ ರಥಬೀದಿಗೋ ಸಂತೆಬೀದಿಗೋ ನುಗ್ಗಿಸಬೇಡಿ. ಊರ ಅಂಚಲ್ಲಿ ನಿಲ್ಲಿಸಿ. ಎಪಿಎಂಸಿ ಯಾರ್ಡ್ ಹೊರಗಿನ ಜಾಗ, ಕಲ್ಯಾಣ ಮಂಟಪದ ಮುಂದಿನ ಬಯಲು, ಇಂಥವು ಪ್ರತಿ ತಾಲ್ಲೂಕು ಕೇಂದ್ರದಲ್ಲೂ ಇರುತ್ತವೆ. ಕಾವಲಿನವರನ್ನ ಒಂದು ಮಾತು ಕೇಳಿ, ಡ್ರೈವರಿಗೆ ಹೇಳಿ, ಆಟೋ ಹತ್ತಿ. ಆಟೋಗೆ ಕೊಡೋ ದುಡ್ಡು ಹೆದ್ದಾರಿಯ ಒಂದು ಕಾಫಿ ಬಿಲ್ಲಿಗಿಂತ ಹೆಚ್ಚೇನೂ ಆಗಲ್ಲ. ಮೇಲಾಗಿ ಆಟೋದವರೇ ನಿಮ್ಮ ಮೊದಲ ಸುದ್ದಿಮೂಲ.

ಆದರೆ ಕೇಳೋ ರೀತಿ ಇದೆ. 'ಇಲ್ಲಿ ಒಳ್ಳೆ ಹೋಟೆಲ್ ಯಾವುದಣ್ಣ?' ಅಂತ ಕೇಳಿದಿರೋ, ಕೆಟ್ಟಿರಿ. ಅವರು ನಿಮ್ಮ ಗಾಡಿ ನೋಡ್ತಾರೆ, ಬಟ್ಟೆ ನೋಡ್ತಾರೆ, ಇವರಿಗೆ ಏಸಿ ಬೇಕು ಅಂದುಕೊಂಡು ಊರಿನ ಒಂದೇ ಒಂದು 'ಫ್ಯಾಮಿಲಿ ರೆಸ್ಟೋರೆಂಟ್' ತೋರಿಸ್ತಾರೆ. ಅಲ್ಲಿ ನಿಮಗೆ ಗೋಬಿ ಮಂಚೂರಿ ಸಿಗುತ್ತೆ. ಬದಲಿಗೆ ಹೀಗೆ ಕೇಳಿ: 'ಅಣ್ಣ, ಬೆಳಗ್ಗೆ ನೀವೆಲ್ಲಿ ತಿಂಡಿ ತಿಂದ್ರಿ?' ಉತ್ತರವೇ ಬೇರೆ ಬರುತ್ತೆ. ಪತ್ರಕರ್ತನಾಗಿ ಹೇಳ್ತೀನಿ, ಅಭಿಪ್ರಾಯ ಕೇಳಿದರೆ ಜನ ಮರ್ಯಾದೆಗೆ ಮಾತಾಡ್ತಾರೆ, ನಡೆದದ್ದು ಕೇಳಿದರೆ ನಿಜ ಹೇಳ್ತಾರೆ. ಮತದಾರರ ವಿಷಯಕ್ಕೂ ಇದೇ ಮಾತು, ಅದು ಇನ್ನೊಂದು ದಿನಕ್ಕಿರಲಿ. ಮೆಡಿಕಲ್ ಶಾಪಿನವರು, ಪಂಚರ್ ಅಂಗಡಿ ಹುಡುಗ, ಬ್ಯಾಂಕಿನ ಬಾಗಿಲಲ್ಲಿ ನಿಲ್ಲೋ ಗಾರ್ಡ್, ಇವರನ್ನ ಕೇಳಿ. ನಮಗಂತೂ ಜಿಲ್ಲಾ ವರದಿಗಾರರೇ ಆಸ್ತಿ. ಅವರಿಗೆ ಯಾವ ಶಾಸಕರು ಯಾವ ಬಣ ಅನ್ನೋದಕ್ಕಿಂತ ಚೆನ್ನಾಗಿ ಯಾವ ಹೋಟೆಲ್ ಎಷ್ಟು ಗಂಟೆಗೆ ಖಾಲಿ ಅಂತ ಗೊತ್ತು.

'ಲಾರಿ ನಿಂತಿರೋ ಕಡೆ ಊಟ ಚೆನ್ನಾಗಿರುತ್ತೆ' ಅನ್ನೋ ಮಾತನ್ನ ಪೂರ್ತಿ ನಂಬಬೇಡಿ. ಲಾರಿ ನಿಲ್ಲೋದು ಜಾಗ ಇರೋ ಕಡೆ, ಸ್ನಾನಕ್ಕೆ ನೀರು ಇರೋ ಕಡೆ, ಡ್ರೈವರಿಗೆ ತನ್ನ ಊರಿನ ಊಟ ಸಿಗೋ ಕಡೆ. ಪುಣೆ ಹೆದ್ದಾರಿಯಲ್ಲಿ ರಾಜಸ್ಥಾನದ ಲಾರಿಗಳು ಸಾಲಾಗಿ ನಿಂತಿದ್ದರೆ ಅಲ್ಲಿ ಒಳ್ಳೆ ದಾಲ್ ಸಿಗಬಹುದು. ಹಾವೇರಿ ಜಿಲ್ಲೆಯ ರೊಟ್ಟಿ ಸಿಗೋ ಭರವಸೆ ಇಲ್ಲ. ಇನ್ನು ಮೊಬೈಲಲ್ಲಿ ಕಾಣೋ ನಕ್ಷತ್ರಗಳು. ಹೆದ್ದಾರಿ ಹೋಟೆಲ್ಲಿಗೆ ಜನ ನಕ್ಷತ್ರ ಕೊಟ್ಟಿರೋದು ಯಾತಕ್ಕೆ ಅಂತ ಓದಿ ನೋಡಿ: ಪಾರ್ಕಿಂಗ್, ಟಾಯ್ಲೆಟ್, ಮಕ್ಕಳ ಆಟದ ಜಾಗ. ಐದು ನಕ್ಷತ್ರದಲ್ಲಿ ಊಟದ ಪಾಲು ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಪೇಟೆ ಖಾನಾವಳಿಯಲ್ಲಿ ದಿನಾ ಉಣ್ಣೋ ಹಮಾಲಿ ಅಣ್ಣ ಮೊಬೈಲ್ ತೆಗೆದು ರಿವ್ಯೂ ಬರೀತಾ ಕೂರಲ್ಲ.

ಎಲ್ಲಿ ಅನ್ನೋದರಷ್ಟೇ ಮುಖ್ಯ, ಎಷ್ಟು ಹೊತ್ತಿಗೆ ಅನ್ನೋದು. ಹೆದ್ದಾರಿ 48ರಲ್ಲಿ ಹೊರಟರೆ ತುಮಕೂರಿಗೆ ಮೊದಲು ಕ್ಯಾತ್ಸಂದ್ರದ ತಟ್ಟೆ ಇಡ್ಲಿ, ಅದು ಬೆಳಗಿನ ಮಾತು. ದಾವಣಗೆರೆ ಒಳಗೆ ಹೋದರೆ ಬೆಣ್ಣೆ ದೋಸೆ. ಹಿಟ್ಟಿಗೆ ಮಂಡಕ್ಕಿ ಸೇರಿಸಿ ರುಬ್ಬೋದು ಅದರ ಗುಟ್ಟು, ಜೊತೆಗೆ ಅರಿಶಿನ ಹಾಕದ ಬಿಳಿ ಆಲೂಗಡ್ಡೆ ಪಲ್ಯ. ಅಲ್ಲಿಂದ ಮುಂದೆ ಮಧ್ಯಾಹ್ನ ಖಾನಾವಳಿಯ ರಾಜ್ಯ. ಬ್ಯಾಡಗಿಗೆ ಹೋಗೋಕೆ ಮೋಟೆಬೆನ್ನೂರು ಹತ್ತಿರ ಹೆದ್ದಾರಿ ಬಿಟ್ಟು ಒಳಗೆ ತಿರುಗಬೇಕು. ಮೆಣಸಿನಕಾಯಿ ಹಂಗಾಮು, ಗಾಡಿ ಕಿಟಕಿ ಮುಚ್ಚಿದ್ದರೂ ಸೀನು ಬರ್ತಾ ಇತ್ತು. ಹರಾಜಿಗೆ ಬಂದ ರೈತರು, ದಲಾಲರು, ಹಮಾಲರು ಎಲ್ಲ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣೋ ಖಾನಾವಳಿಗೆ ನಾವು ನುಗ್ಗಿದಾಗ ಎರಡೂವರೆ ಗಂಟೆ. ಮಾಲಕಿ ಅಕ್ಕ ನಮ್ಮ ಗುಂಪು ನೋಡಿ, 'ಯಣ್ಣಾ, ಇಷ್ಟೊತ್ತಿಗೆ ಬಂದ್ರ ಹೆಂಗ್ರಿ? ಹಿಟ್ಟ ಐತಿ, ಬಡದ ಕೊಡ್ತೀನಿ, ಕುಂದರ್ರಿ' ಅಂದರು. ಒಲೆ ಮುಂದೆ ರೊಟ್ಟಿ ಬಡಿಯೋ ಸದ್ದು, ತಾಟಿಗೆ ಎಣ್ಣೆಗಾಯಿ, ಮಡಕಿಕಾಳು ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು. ಪಟ್ಟಿ ಇಲ್ಲ, ಮೆನು ಇಲ್ಲ, ಅವತ್ತು ಮಾಡಿದ್ದೇ ಊಟ. ಸಣ್ಣ ಹೋಟೆಲ್ಲಿನಲ್ಲಿ ನೂರು ಐಟಂ ಬರೆದ ಬೋರ್ಡ್ ಕಂಡರೆ ನಾನು ವಾಪಸ್ ತಿರುಗ್ತೀನಿ. ನೂರು ಐಟಂ ಅಂದರೆ ಅರ್ಧ ಫ್ರಿಜ್‌ನಲ್ಲಿದೆ ಅಂತ ಅರ್ಥ. ನಾಲ್ಕೇ ಐಟಂ ಇದ್ದು, ಅದರಲ್ಲಿ ಎರಡು ಖಾಲಿ ಆಗಿದ್ದರೆ ಧೈರ್ಯವಾಗಿ ಕೂತ್ಕೊಳ್ಳಿ.

ಮಂಡ್ಯ, ಮೈಸೂರು ಕಡೆ ಮಿಲಿಟರಿ ಹೋಟೆಲ್ ಹುಡುಕೋರು ವಾರ ನೋಡಿಕೊಳ್ಳಿ. ಸೋಮವಾರ, ಶನಿವಾರ ಮಾಂಸ ಮುಟ್ಟದ ಮನೆಗಳು ಅಲ್ಲಿ ಬಹಳ, ಶ್ರಾವಣದಲ್ಲಂತೂ ಇನ್ನೂ ಹೆಚ್ಚು. ಗಿರಾಕಿ ಕಮ್ಮಿ ಇರೋ ದಿನ ಹೊಸ ಅಡುಗೆಯೂ ಕಮ್ಮಿ. ಭಾನುವಾರ ಬೆಳಗ್ಗೆ ಹೋಗಿ ನೋಡಿ, ಮುದ್ದೆ ತಟ್ಟೆಗೆ ಬೀಳುವಾಗ ಹಬೆ ಕಾಣುತ್ತೆ. ಕರಾವಳಿಯದ್ದು ಮತ್ತೊಂದು ಲೆಕ್ಕ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ನಾಡದೋಣಿಯವರು ತಂದದ್ದು, ಹೊಳೆ ಮೀನು, ಇಲ್ಲವಾದರೆ ಹೊರಗಿನಿಂದ ಮಂಜುಗಡ್ಡೆಯಲ್ಲಿ ಬಂದದ್ದು. ಮಳೆಗಾಲದಲ್ಲಿ ಕುಂದಾಪುರಕ್ಕೆ ಹೋಗಿ 'ತಾಜಾ ಅಂಜಲ್ ಕೊಡಿ' ಅಂದರೆ ಪ್ರಾಮಾಣಿಕ ಹೋಟೆಲಿನವರು ನಗ್ತಾರೆ, ಉಳಿದವರು ತಂದು ಕೊಡ್ತಾರೆ. 'ಇವತ್ತು ಎಂತ ಮೀನು ಬಂದದೆ?' ಅಂತ ಕೇಳಿ, ಅದನ್ನೇ ತಿನ್ನಿ.

ಹಳೇ ಹೋಟೆಲ್ ಅಂತ ಕಣ್ಣು ಮುಚ್ಚಿ ನಂಬಬೇಕಿಲ್ಲ. ಕೈ ತೊಳೆಯೋ ಜಾಗ ನೋಡಿ, ಲೋಟ ತೊಳೆಯೋ ನೀರು ನೋಡಿ. ಆಹಾರ ಸುರಕ್ಷತಾ ಪರವಾನಗಿಯ 14 ಅಂಕಿ ಗೋಡೆ ಮೇಲೆ ಇದೆಯಾ ನೋಡಿ. ಕುಡಿಯೋ ನೀರು ನಿಮ್ಮ ಗಾಡಿಯದ್ದೇ ಇರಲಿ, ಮಕ್ಕಳಿದ್ದರೆ ಇದರಲ್ಲಿ ಸಂಕೋಚ ಬೇಡ.

ಇನ್ನು ಗಾಡಿಯಲ್ಲಿ ಒಲೆ ಇದೆ ಅಂತ ಬೆಂಗಳೂರಿನಿಂದಲೇ ನೂಡಲ್ಸ್ ಹೊತ್ತುಕೊಂಡು ಹೋಗಬೇಡಿ. ಎರಡು ಸ್ಟೀಲ್ ಕ್ಯಾರಿಯರ್ ಇಟ್ಟುಕೊಳ್ಳಿ. ಮಧ್ಯಾಹ್ನ ಉಂಡ ಕಡೆಯೇ ರಾತ್ರಿಗೆ ಸಾರು, ಪಲ್ಯ ಕಟ್ಟಿಸಿಕೊಳ್ಳಬಹುದು. ಬಿಸಿ ಸಾರನ್ನ ಪ್ಲಾಸ್ಟಿಕ್ ಕವರಿಗೆ ಸುರಿಸಿಕೊಳ್ಳೋ ಗೋಳೂ ತಪ್ಪುತ್ತೆ. ಉತ್ತರ ಕರ್ನಾಟಕದಲ್ಲಿ ಖಡಕ್ ರೊಟ್ಟಿ ಕಟ್ಟು, ಚಟ್ನಿಪುಡಿ ಕೊಂಡರೆ ವಾರಗಟ್ಟಲೆ ಕೆಡಲ್ಲ. ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳು ಮಾಡಿ ಮಾರೋ ರೊಟ್ಟಿ ಎಷ್ಟೋ ಊರಲ್ಲಿ ಸಿಗುತ್ತೆ. ನಮ್ಮ ಬಸ್ಸಿನಲ್ಲಿ ಕ್ಯಾಮೆರಾ ಬ್ಯಾಟರಿ ಇಡೋ ಪೆಟ್ಟಿಗೆ ಪಕ್ಕದಲ್ಲೇ ರೊಟ್ಟಿ ಡಬ್ಬಿಗೂ ಖಾಯಂ ಜಾಗ ಇದೆ. ರಾತ್ರಿ ಹನ್ನೊಂದಕ್ಕೆ ಲೈವ್ ಮುಗಿದು ಊರೆಲ್ಲ ಬಾಗಿಲು ಹಾಕಿರೋವಾಗ, ಮೊಸರಿನ ಜೊತೆ ಅದೇ ನಮ್ಮ ಊಟ.