ರಾಡಿ ಗೊಬ್ಬರ ಮತ್ತು ಮಣ್ಣಿನ ಸೂಕ್ಷ್ಮಜೀವಿಗಳು

ಮಣ್ಣು ಜೀವಂತವಾದುದು. ಫಲವತ್ತಾದ ಹೊಲದ ಒಂದು ಚಿಟಿಕೆ ಮಣ್ಣಿನಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿರುತ್ತವೆ. ಕಸಕಡ್ಡಿಯನ್ನು ಕೊಳೆಸಿ ಸಾರಜನಕ, ರಂಜಕ, ಗಂಧಕಗಳನ್ನು ಬೆಳೆಗೆ ಒದಗಿಸುವುದು ಇವುಗಳ ಕೆಲಸ. ದ್ವಿದಳ ಬೆಳೆಗಳ ಬೇರುಗಂಟುಗಳಲ್ಲಿರುವ ರೈಜೋಬಿಯಂ ಗಾಳಿಯ ಸಾರಜನಕವನ್ನೇ ಹಿಡಿದು ಬೆಳೆಗೆ ಕೊಡುತ್ತದೆ.

ಪಟ್ಟಣಗಳ ಒಳಚರಂಡಿ ನೀರನ್ನು ಶುದ್ಧೀಕರಿಸುವಾಗ ತಳದಲ್ಲಿ ನಿಲ್ಲುವ ಗಸಿಯೇ ರಾಡಿ. ಇದನ್ನು ಸ್ಲಜ್ ಎಂದೂ ಕರೆಯುತ್ತಾರೆ. ಇದರಲ್ಲಿ ಸಾವಯವ ವಸ್ತು, ಸಾರಜನಕ ಮತ್ತು ರಂಜಕ ಹೇರಳವಾಗಿವೆ. ಚೆನ್ನಾಗಿ ಕಳಿತ ರಾಡಿ ಗೊಬ್ಬರ ಹಾಕಿದಾಗ ಸೂಕ್ಷ್ಮಜೀವಿಗಳಿಗೆ ಆಹಾರ ದೊರೆತು ಅವುಗಳ ಸಂಖ್ಯೆ ಹೆಚ್ಚುತ್ತದೆ. ಮಣ್ಣು ಹದವಾಗಿ ನೀರು ಹಿಡಿದಿಡುತ್ತದೆ.

ಅಪಾಯವೆಲ್ಲಿ?

ಕಾರ್ಖಾನೆಗಳ ನೀರು ಸೇರಿದ ರಾಡಿಯಲ್ಲಿ ಸತು, ತಾಮ್ರ, ನಿಕಲ್, ಸೀಸ, ಕ್ಯಾಡ್ಮಿಯಂ ಮುಂತಾದ ಲೋಹಗಳಿರುತ್ತವೆ. ರಾಶಿಯ ಶಾಖಕ್ಕೆ ರೋಗಾಣುಗಳು ಸಾಯುತ್ತವೆ, ಲೋಹಗಳು ನಾಶವಾಗುವುದಿಲ್ಲ. ರಾಶಿ ಕೊಳೆತು ಕುಗ್ಗಿದಷ್ಟೂ ಅವುಗಳ ಪ್ರಮಾಣ ಏರುತ್ತದೆ. ಒಮ್ಮೆ ಮಣ್ಣಿಗೆ ಸೇರಿದರೆ ತಲೆಮಾರುಗಳವರೆಗೆ ಉಳಿಯುತ್ತವೆ.

ಇಂಗ್ಲೆಂಡಿನ ವೋಬರ್ನ್ ಎಂಬಲ್ಲಿ 1942ರಿಂದ 1961ರವರೆಗೆ ಪ್ರಯೋಗ ತಾಕುಗಳಿಗೆ ಲೋಹಭರಿತ ರಾಡಿ ಹಾಕಲಾಗಿತ್ತು. ನಿಲ್ಲಿಸಿ ಇಪ್ಪತ್ತು ವರ್ಷ ಕಳೆದ ಮೇಲೆ, 1980ರ ದಶಕದಲ್ಲಿ ಪರೀಕ್ಷಿಸಿದಾಗ, ಕೊಟ್ಟಿಗೆ ಗೊಬ್ಬರ ಹಾಕಿದ ತಾಕುಗಳಿಗೆ ಹೋಲಿಸಿದರೆ ಅಲ್ಲಿನ ಸೂಕ್ಷ್ಮಜೀವಿಗಳ ಒಟ್ಟು ತೂಕ ಸುಮಾರು ಅರ್ಧದಷ್ಟೇ ಇತ್ತು. ಕ್ಲೋವರ್ ಎಂಬ ದ್ವಿದಳ ಮೇವಿನ ಬೇರಿನಲ್ಲಿ ಗಂಟುಗಳು ಮೂಡಿದರೂ ಸಾರಜನಕ ಸ್ಥಿರೀಕರಣ ನಡೆಯಲಿಲ್ಲ. ಕೆಲಸಕ್ಕೆ ಬಾರದ ರೈಜೋಬಿಯಂ ತಳಿ ಮಾತ್ರ ಅಲ್ಲಿ ಉಳಿದಿತ್ತು.

ರೈತರು ಏನು ಮಾಡಬೇಕು?

1. ಪರೀಕ್ಷೆಯ ವರದಿ ನೋಡಿಯೇ ಗೊಬ್ಬರ ಕೊಳ್ಳಿರಿ. ನಗರ ಕಾಂಪೋಸ್ಟಿಗೆ ರಸಗೊಬ್ಬರ ನಿಯಂತ್ರಣ ಆಜ್ಞೆ (1985) ವಿಧಿಸಿರುವ ಮಿತಿ ಕಿಲೋಗೆ ಸತು 1000, ತಾಮ್ರ 300, ಸೀಸ 100, ನಿಕಲ್ 50, ಕ್ಯಾಡ್ಮಿಯಂ 5 ಮಿಲಿಗ್ರಾಂ. ಕಾರ್ಖಾನೆ ಪ್ರದೇಶದ ರಾಡಿ ಬೇಡವೇ ಬೇಡ.

2. ಹಸಿ ರಾಡಿಯನ್ನು ನೇರವಾಗಿ ಹೊಲಕ್ಕೆ ಹಾಕಬಾರದು. ಹುಲ್ಲು, ತರಗು, ಕಬ್ಬಿನ ರವದಿ ಬೆರೆಸಿ ರಾಶಿ ಹಾಕಿರಿ. ರಾಶಿಯ ಶಾಖ 15 ದಿನ 55 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಾಗಬಾರದು. ಈ ಅವಧಿಯಲ್ಲಿ ಐದು ಬಾರಿ ಮಗುಚಿರಿ.

3. ಹುಳಿ ಮಣ್ಣಿನಲ್ಲಿ ಲೋಹಗಳು ಸುಲಭವಾಗಿ ಕರಗುತ್ತವೆ. ಮಲೆನಾಡು, ಕರಾವಳಿಯ ರೈತರು ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಶಿಫಾರಸಿನಂತೆ ಸುಣ್ಣ ಹಾಕಬೇಕು.

4. ಹಸಿಯಾಗಿ ತಿನ್ನುವ ಸೊಪ್ಪು, ತರಕಾರಿಗೆ ಬಳಸದಿರಿ.

5. ಅಲಸಂದೆ, ಅವರೆ ಅಥವಾ ಶೇಂಗಾ ಬಿತ್ತಿದ ತಿಂಗಳ ಮೇಲೆ ಕೆಲವು ಗಿಡಗಳನ್ನು ಬೇರುಸಹಿತ ಮೆಲ್ಲಗೆ ಅಗೆದು, ಗಂಟುಗಳನ್ನು ಸೀಳಿ ನೋಡಿರಿ. ಒಳಗೆ ನಸುಗೆಂಪಿದ್ದರೆ ರೈಜೋಬಿಯಂ ಕೆಲಸ ಮಾಡುತ್ತಿದೆ. ಬಿಳಿಚಿಕೊಂಡಿದ್ದರೆ ಗೊಬ್ಬರ ಹಾಕುವುದನ್ನು ನಿಲ್ಲಿಸಿ, ಮಣ್ಣನ್ನು ಪರೀಕ್ಷೆಗೆ ಕಳುಹಿಸಿರಿ.

ಅಗ್ಗದ ಗೊಬ್ಬರದಿಂದ ಒಂದೆರಡು ವರ್ಷ ಇಳುವರಿ ಹೆಚ್ಚಬಹುದು. ಆದರೆ ಮಕ್ಕಳಿಗೆ ಬಿಟ್ಟುಹೋಗುವ ಮಣ್ಣು ಕೆಟ್ಟರೆ ಅದನ್ನು ಸರಿಪಡಿಸುವುದು ಬಲು ಕಷ್ಟ.