ಹೆಗಲ ಮೇಲಿನ ಮೋಹ

ಶ್ರೀರಾಮ-ಲಕ್ಷ್ಮಣರ ಭ್ರಾತೃಪ್ರೇಮವನ್ನು ಕೊಂಡಾಡದವರಿಲ್ಲ. ಆದರೆ ಜೈನ ರಾಮಕಥೆಯು ಆ ಪ್ರೇಮದ ಇನ್ನೊಂದು ಮುಖವನ್ನೂ ಮರೆಮಾಚದೆ ತೋರಿಸುತ್ತದೆ. ಏಳನೆಯ ಶತಮಾನದ ರವಿಷೇಣಾಚಾರ್ಯರ ಪದ್ಮಪುರಾಣದಲ್ಲಿ ಈ ಪ್ರಸಂಗ ಬರುತ್ತದೆ. ಸಹೋದರರ ಸ್ನೇಹವನ್ನು ಪರೀಕ್ಷಿಸಲು ಬಂದ ದೇವತೆಗಳು ರಾಮನು ತೀರಿಹೋದನೆಂಬ ಸುಳ್ಳು ಸುದ್ದಿಯನ್ನು ಹುಟ್ಟಿಸುತ್ತಾರೆ. ಅದನ್ನು ಕೇಳಿದ ಕ್ಷಣವೇ ಲಕ್ಷ್ಮಣನ ಪ್ರಾಣ ಹೋಗುತ್ತದೆ. ಇತ್ತ ರಾಮನು ತಮ್ಮನ ಮರಣವನ್ನು ಒಪ್ಪಲಾರದೆ ಆ ದೇಹಕ್ಕೆ ಸ್ನಾನ ಮಾಡಿಸುತ್ತ, ಉಣಿಸಲು ಯತ್ನಿಸುತ್ತ, ಅದನ್ನು ಹೊತ್ತುಕೊಂಡೇ ಆರು ತಿಂಗಳು ಕಳೆಯುತ್ತಾನೆ. ಒಬ್ಬನಿಲ್ಲದೆ ಇನ್ನೊಬ್ಬನು ಬದುಕಲಾರ. ಇನ್ನೊಬ್ಬನನ್ನು ಇಳಿಸಿ ಈತನು ನಡೆಯಲಾರ.

ಪುರಾಣದ ಈ ಕಥೆ ಇಂದಿನ ಮನೆಗಳಿಂದ ದೂರವಿಲ್ಲ. ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಅಣ್ಣನಿಗೆ ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟ. ತಮ್ಮನಿಗೆ ಕಲಬುರಗಿಯ ರೋಜಾದಲ್ಲಿ ಬಾಡಿಗೆ ಮನೆ ಮತ್ತು ಒಂದು ಸಣ್ಣ ಅಂಗಡಿ. ತಮ್ಮನಿಗೆ ಕುಡಿತದ ಚಟ. ಸಾಲಗಾರರು ಬಾಗಿಲಿಗೆ ಬಂದಾಗ ಅಣ್ಣನು ಬಾಳೆ ಮಾರಿದ ಹಣ ಹಿಡಿದು ಬಸ್ಸು ಹತ್ತುತ್ತಾನೆ. ಅಂಗಡಿ ಏಕೆ ಮುಚ್ಚಿದೆ ಎಂದು ಕೇಳಿದವರಿಗೆ ತಮ್ಮನಿಗೆ ಜ್ವರವೆನ್ನುತ್ತಾನೆ. ತಮ್ಮನ ಮುಖ ನೋಡಿಯೇ ಅವನ ದಿನದ ಸುಖದುಃಖ ನಿರ್ಧಾರವಾಗುತ್ತದೆ. ಸ್ವಂತ ಮಗಳ ಶಾಲಾ ಶುಲ್ಕ ಬಾಕಿ ಉಳಿದಿದೆ. ನಿದ್ರೆ ಹೋಗಿ ವರ್ಷವಾಗಿದೆ. ಹೆಂಡತಿ ಕೇಳಿದರೆ ಒಂದೇ ಉತ್ತರ: “ತಮ್ಮಂದು ನಾ ನೋಡ್ಲಿಲ್ಲಂದ್ರ ಯಾರು ನೋಡ್ತಾರ?”

ಮನಃಶಾಸ್ತ್ರವು ಈ ಸ್ಥಿತಿಯನ್ನು ಸಹಾವಲಂಬನೆ ಎಂದು ಕರೆಯುತ್ತದೆ. ಇದು ವೈದ್ಯರ ಪಟ್ಟಿಯಲ್ಲಿರುವ ಪ್ರತ್ಯೇಕ ಕಾಯಿಲೆಯಲ್ಲ. ಸಂಬಂಧವೊಂದು ಹಿಡಿಯುವ ತಪ್ಪು ದಾರಿ. ಮದ್ಯವ್ಯಸನಿಗಳ ಕುಟುಂಬಗಳನ್ನು ಗಮನಿಸುತ್ತಲೇ ಈ ವಿಚಾರ ಬೆಳೆಯಿತು. ವ್ಯಸನಿಗಳ ಮನೆಯವರಿಗಾಗಿಯೇ ಅಲ್-ಅನಾನ್ ಎಂಬ ಸಂಘಟನೆ 1951ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. ಚಟ ಒಬ್ಬನದಾದರೂ ಅದರ ಸುತ್ತ ಮನೆಯವರೆಲ್ಲರ ಬದುಕು ಸುತ್ತತೊಡಗುತ್ತದೆ ಎಂಬುದು ಆಗ ಕಂಡುಕೊಂಡ ಸತ್ಯ.

ಜೈನ ಕರ್ಮಸಿದ್ಧಾಂತ ಇದನ್ನು ಬೇರೊಂದು ಮಾತಿನಲ್ಲಿ ಹೇಳಿದೆ. ಎಂಟು ಕರ್ಮಗಳಲ್ಲಿ ಅತ್ಯಂತ ಪ್ರಬಲವಾದ ಮೋಹನೀಯ ಕರ್ಮವನ್ನು ಆಚಾರ್ಯರು ಮದ್ಯಕ್ಕೇ ಹೋಲಿಸಿದ್ದಾರೆ. ಕುಡಿದವನಿಗೆ ಹಿತಾಹಿತಗಳ ಅರಿವು ತಪ್ಪುವಂತೆ ಮೋಹಕ್ಕೊಳಗಾದವನಿಗೂ ತಪ್ಪುತ್ತದೆ. ಹಾಗೆ ನೋಡಿದರೆ ಆ ಮನೆಯಲ್ಲಿ ಅಮಲೇರಿದವರು ಇಬ್ಬರು: ತಮ್ಮನು ಮದ್ಯದಿಂದ, ಅಣ್ಣನು ಮೋಹದಿಂದ.

ಇಲ್ಲಿ ಶ್ರಾವಕನಿಗೆ ಸಹಜವಾಗಿಯೇ ಸಂದೇಹವೊಂದು ಏಳುತ್ತದೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೂ ಒಂದಲ್ಲವೇ? ಪರರ ದೋಷವನ್ನು ಬಯಲು ಮಾಡದಿರುವುದು ಧರ್ಮವಾದರೆ ಅಣ್ಣನ ತಪ್ಪೇನು? ಉತ್ತರವು ಆ ಎಂಟು ಅಂಗಗಳಲ್ಲಿಯೇ ಇದೆ. ಉಪಗೂಹನದ ಬಳಿಕ ಸ್ಥಿತಿಕರಣವಿದೆ. ಅಂದರೆ ದಾರಿ ತಪ್ಪಿದವನನ್ನು ಮರಳಿ ದಾರಿಯಲ್ಲಿ ನಿಲ್ಲಿಸುವುದು. ಅವಮಾನವಾಗದಂತೆ ಕಾಪಾಡುವುದು ತಿದ್ದಿಕೊಳ್ಳಲು ಅವಕಾಶ ಸಿಗಲೆಂದು. ತಿದ್ದುವ ಕೆಲಸವನ್ನೇ ಕೈಬಿಟ್ಟು ಮುಚ್ಚುವುದನ್ನು ಮಾತ್ರ ಮುಂದುವರಿಸಿದರೆ ಅದು ದೋಷಕ್ಕೆ ಹಾಕಿದ ಗೊಬ್ಬರ. ಮೈತ್ರಿ, ಪ್ರಮೋದ, ಕಾರುಣ್ಯಗಳ ಜೊತೆಗೆ ಮಾಧ್ಯಸ್ಥ್ಯ ಭಾವನೆಯನ್ನೂ ಶಾಸ್ತ್ರ ಹೇಳಿರುವುದು ಇದಕ್ಕಾಗಿಯೇ. ಹಿತವಚನಕ್ಕೆ ಕಿವಿಗೊಡದವನ ಮೇಲೆ ದ್ವೇಷವೂ ಬೇಡ, ಅವನೊಂದಿಗೆ ಮುಳುಗುವುದೂ ಬೇಡ.

ಹಾಗಾದರೆ ಹೊರಬರುವುದು ಹೇಗೆ? ರಾಮಕಥೆಯೇ ದಾರಿ ತೋರುತ್ತದೆ. ಹಿಂದೆ ಸೇನಾಪತಿಯಾಗಿದ್ದ ಕೃತಾಂತವಕ್ತ್ರ ಮತ್ತು ಜಟಾಯು ದೇವರಾಗಿ ಹುಟ್ಟಿ ರಾಮನಲ್ಲಿಗೆ ಬರುತ್ತಾರೆ. ಅವರು ಒಣಮರಕ್ಕೆ ನೀರೆರೆಯುತ್ತಾರೆ, ಬಂಡೆಯ ಮೇಲೆ ಬೀಜ ಬಿತ್ತುತ್ತಾರೆ, ಬೆಣ್ಣೆಗಾಗಿ ನೀರು ಕಡೆಯುತ್ತಾರೆ, ಎಣ್ಣೆಗಾಗಿ ಮರಳನ್ನು ಗಾಣಕ್ಕೆ ಹಾಕುತ್ತಾರೆ. ಕೊನೆಗೆ ಶವವೊಂದನ್ನು ಹೊತ್ತು ಎದುರು ನಿಲ್ಲುತ್ತಾರೆ. ಅದು ವ್ಯರ್ಥವೆಂದು ಹೇಳಹೊರಟ ರಾಮನಿಗೆ ತನ್ನ ಹೆಗಲ ಮೇಲಿರುವುದೇನೆಂದು ಆಗ ಕಾಣುತ್ತದೆ. ಅವರು ಬೈಯಲಿಲ್ಲ, ಬಲವಂತವಾಗಿ ದೇಹವನ್ನು ಕಸಿಯಲಿಲ್ಲ, ಕನ್ನಡಿ ಹಿಡಿದರು. ಇಳಿಸಿದವನು ರಾಮನೇ. ಮುಂದೆ ದೀಕ್ಷೆ ಪಡೆದ ಅವನು ತುಂಗಿಗಿರಿಯಲ್ಲಿ ಮುಕ್ತನಾದನೆಂಬುದು ದಿಗಂಬರ ಪರಂಪರೆಯ ನಂಬಿಕೆ.

ಒಳ್ಳೆಯ ಆಪ್ತಸಮಾಲೋಚಕರು ಮಾಡುವುದೂ ಇದನ್ನೇ. ಸಾಲ ತೀರಿಸಿದ ಮೇಲೆ ಕುಡಿತ ಕಡಿಮೆಯಾಯಿತೇ? ಬೇಡವೆನ್ನಲು ಅಡ್ಡಬರುವುದು ಪ್ರೀತಿಯೋ ಭಯವೋ? ಇಂಥ ಪ್ರಶ್ನೆಗಳಿಂದ ಅಣ್ಣನು ತನ್ನ ನಡತೆಯನ್ನು ತಾನೇ ಕಾಣತೊಡಗುತ್ತಾನೆ. ನಂತರ ಸಣ್ಣ ಹೆಜ್ಜೆಗಳು: ಸುಳ್ಳು ಹೇಳುವುದನ್ನು ನಿಲ್ಲಿಸುವುದು, ಹಣ ಕೊಡದೆ ಚಿಕಿತ್ಸೆಗೆ ಜೊತೆಯಲ್ಲಿ ಬರುವೆನೆನ್ನುವುದು, ತನ್ನ ನಿದ್ರೆ, ಮನೆ, ಮಕ್ಕಳಿಗೆ ಮರಳುವುದು. ಮೊದಮೊದಲು ಅಪರಾಧಿ ಭಾವ ಕಾಡುತ್ತದೆ. ತಮ್ಮನ ಸಿಟ್ಟೂ ಏರಬಹುದು. ಆಗ ದಿನಕ್ಕೊಂದು ಮುಹೂರ್ತ, ಎಂದರೆ 48 ನಿಮಿಷ, ಸಾಮಾಯಿಕದಲ್ಲಿ ಕುಳಿತು ಏಕತ್ವ, ಅನ್ಯತ್ವ ಭಾವನೆಗಳನ್ನು ಚಿಂತಿಸುವುದು ಬಲ ಕೊಡುತ್ತದೆ. ಪ್ರತಿ ಜೀವವೂ ತನ್ನ ಕರ್ಮಕ್ಕೆ ತಾನೇ ಕರ್ತೃ, ತಾನೇ ಭೋಕ್ತೃ. ತಮ್ಮನ ಪಾಲಿನ ನಿರ್ಜರೆಯನ್ನು ಅಣ್ಣನು ಮಾಡಲಾರ.

ಆದರೆ ಸ್ವಾಧ್ಯಾಯವು ಚಿಕಿತ್ಸೆಗೆ ಬದಲಿಯಲ್ಲ. ದೀರ್ಘಕಾಲದ ಕುಡಿತವನ್ನು ಏಕಾಏಕಿ ಬಿಡಿಸುವುದು ಜೀವಕ್ಕೇ ಅಪಾಯವಾಗಬಹುದು. ಅದು ವೈದ್ಯರ ನಿಗಾದಲ್ಲಿಯೇ ಆಗಬೇಕು. ಹೊಡೆತ-ಬಡಿತಗಳಿರುವ ಮನೆಯಲ್ಲಿ ಮೊದಲು ರಕ್ಷಣೆ, ಉಳಿದದ್ದೆಲ್ಲ ಆಮೇಲೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾರು ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಹಾಗೆ ಕರೆ ಮಾಡುವುದು ಮನೆಯ ಮಾನ ಕಳೆಯುವುದಲ್ಲ.

ಜೀವಜೀವಗಳು ಪರಸ್ಪರ ಉಪಕಾರಕ್ಕಾಗಿ ಇವೆ ಎಂಬುದು ಜಿನಧರ್ಮದ ನಿಲುವು. ಉಪಕಾರಕ್ಕೂ ಮೋಹಕ್ಕೂ ಇರುವ ಅಂತರವನ್ನು ಆ ಅಣ್ಣನ ತೋಟವೇ ಹೇಳುತ್ತದೆ. ಬಾಳೆಯ ಕಂದನ್ನು ತಾಯಿಗಿಡದ ಬುಡದಿಂದ ಬಿಡಿಸಿ ಬೇರೆಡೆ ನೆಟ್ಟರೆ ಅದು ತನ್ನದೇ ಬೇರಿನ ಮೇಲೆ ನಿಂತು ಗೊನೆ ಬಿಡುತ್ತದೆ. ಬಿಡಿಸುವ ರೈತನಿಗೆ ಕಂದಿನ ಮೇಲೆ ಪ್ರೀತಿಯಿಲ್ಲವೆಂದು ಯಾರೂ ಹೇಳುವುದಿಲ್ಲ.