ಬಳಸಿದ ಟರ್ಬೊ: ಕೊಳ್ಳುವ ಮುನ್ನ ಗಾಳಿಯ ಲೆಕ್ಕ

ಹೆದ್ದಾರಿಯಲ್ಲಿ ಸಾಗುವ ಲಾರಿಗಳ ಮೇಲೆ 'ಟರ್ಬೊ' ಎಂಬ ಬರಹವನ್ನು ನೀವು ನೋಡಿರುತ್ತೀರಿ. ಈಗ ಸಣ್ಣ ಪೆಟ್ರೋಲ್ ಕಾರುಗಳಲ್ಲೂ ಅದು ಬಂದಿದೆ. ಎಂಜಿನ್ ಹೊರಬಿಡುವ ಬಿಸಿ ಅನಿಲ ಒಂದು ಪುಟ್ಟ ಟರ್ಬೈನನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯಲ್ಲಿರುವ ಸಂಪೀಡಕ ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರುಗಳಿಗೆ ತುಂಬುತ್ತದೆ. ಹೆಚ್ಚು ಗಾಳಿ ಬಂದರೆ ಹೆಚ್ಚು ಇಂಧನ ಉರಿಸಬಹುದು, ಶಕ್ತಿ ಹೆಚ್ಚುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಖಿ 1905ರಲ್ಲೇ ಈ ಕಲ್ಪನೆಗೆ ಪೇಟೆಂಟ್ ಪಡೆದಿದ್ದರು. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಷೆವ್ರೊಲೆ ಕೊರ್ವೆಯರ್ ಕಾರುಗಳಲ್ಲಿ ಅದು ಜನಸಾಮಾನ್ಯರ ಕೈಗೆ ಬಂತು.

ವೇಗದ ಕಾರುಗಳ ಹವ್ಯಾಸಿಗಳು ಇರುವ ಟರ್ಬೊ ತೆಗೆದು ದೊಡ್ಡದನ್ನು ಕೂರಿಸುವುದುಂಟು. ಹೊಸದು ದುಬಾರಿಯಾದ್ದರಿಂದ ಹಲವರು ಬಳಸಿದ್ದನ್ನೇ ಹುಡುಕುತ್ತಾರೆ. ಅಮೆರಿಕದ ಒಂದು ನೈಜ ಉದಾಹರಣೆಯನ್ನು ತೆಗೆದುಕೊಳ್ಳೋಣ. ಅಲ್ಲಿ ಮಾರಾಟವಾದ 2002ರ ಮಾದರಿಯ ಸುಬಾರು ಇಂಪ್ರೆಜಾ ಡಬ್ಲ್ಯೂಆರ್‌ಎಕ್ಸ್ ಕಾರಿನದು 2 ಲೀಟರ್ ಎಂಜಿನ್, 227 ಅಶ್ವಶಕ್ತಿ, ಮಿತ್ಸುಬಿಷಿ ಟಿಡಿ04 ಟರ್ಬೊ. 2004ರಲ್ಲಿ ಬಂದ ಅದರ ಅಣ್ಣ ಎಸ್‌ಟಿಐ ಮಾದರಿಯದು 2.5 ಲೀಟರ್ ಎಂಜಿನ್, 300 ಅಶ್ವಶಕ್ತಿ, ಐಎಚ್‌ಐ ಕಂಪನಿಯ ವಿಎಫ್39 ಟರ್ಬೊ. ಎಸ್‌ಟಿಐ ಮಾಲೀಕರು ಇನ್ನೂ ದೊಡ್ಡ ಟರ್ಬೊ ಹಾಕಿಸಿದಾಗ ಅವರ ವಿಎಫ್39 ಮಾರಾಟಕ್ಕೆ ಬರುತ್ತದೆ. ಡಬ್ಲ್ಯೂಆರ್‌ಎಕ್ಸ್ ಮಾಲೀಕ ಅದನ್ನು ಕೊಳ್ಳಬಹುದೇ? ಉತ್ತರ ಭೌತಶಾಸ್ತ್ರದಲ್ಲಿದೆ.

ಗಾಳಿ ಎಷ್ಟು ಬೇಕು?

ನಾಲ್ಕು ಹೊಡೆತದ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಪೂರ್ಣ ಗಾತ್ರದ ಗಾಳಿಯನ್ನು ಒಳಗೆಳೆಯುತ್ತದೆ. 2 ಲೀಟರ್ ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗಿದರೆ ನಿಮಿಷಕ್ಕೆ 6000 ಲೀಟರ್, ಅಂದರೆ 6 ಘನ ಮೀಟರ್ ಗಾಳಿ. ಸಿಲಿಂಡರುಗಳು ಪೂರ್ತಿ ತುಂಬುವುದಿಲ್ಲ. 90 ಶೇಕಡ ಎನ್ನೋಣ. ಗಾಳಿಯ ಸಾಂದ್ರತೆ ಘನ ಮೀಟರಿಗೆ 1.2 ಕಿಗ್ರಾಂ. ಆದ್ದರಿಂದ ಟರ್ಬೊ ಇಲ್ಲದಿದ್ದರೆ ಒಳಹೋಗುವುದು ನಿಮಿಷಕ್ಕೆ ಸುಮಾರು 6.5 ಕಿಗ್ರಾಂ.

ಈಗ ಟರ್ಬೊ ಒತ್ತಡವನ್ನು ಎರಡರಷ್ಟು ಮಾಡಿತು ಎಂದುಕೊಳ್ಳಿ. ಗಾಳಿಯೂ ಎರಡರಷ್ಟಾಯಿತೇ? ಇಲ್ಲ. ಸೈಕಲ್ ಪಂಪು ಒತ್ತಿದಾಗ ಅದರ ತುದಿ ಬಿಸಿಯಾಗುವಂತೆ, ಒತ್ತಿದ ಗಾಳಿಯೂ ಬಿಸಿಯಾಗಿ ಹಿಗ್ಗುತ್ತದೆ. 300 ಕೆಲ್ವಿನ್ ತಾಪದ ಗಾಳಿಯನ್ನು 70 ಶೇಕಡ ದಕ್ಷತೆಯ ಸಂಪೀಡಕ ಎರಡರಷ್ಟು ಒತ್ತಿದರೆ ತಾಪ ಸುಮಾರು 94 ಡಿಗ್ರಿ ಏರುತ್ತದೆ. ಆಗ ಸಾಂದ್ರತೆ ಹೆಚ್ಚುವುದು ಒಂದೂವರೆ ಪಟ್ಟು ಮಾತ್ರ. ಇಂಟರ್‌ಕೂಲರಿನಲ್ಲಿ ಅದನ್ನು 320 ಕೆಲ್ವಿನ್‌ಗೆ ತಣಿಸಿದರೆ ಲಾಭ ಸುಮಾರು 1.9 ಪಟ್ಟು; ಗಾಳಿ ನಿಮಿಷಕ್ಕೆ 12 ಕಿಗ್ರಾಂ. ನಿಮಿಷಕ್ಕೆ 1 ಕಿಗ್ರಾಂ ಗಾಳಿ ಸುಮಾರು 22 ಅಶ್ವಶಕ್ತಿ ಕೊಡುತ್ತದೆ ಎಂಬುದು ಕಸುಬುದಾರರ ಲೆಕ್ಕ. ಆ ಪ್ರಕಾರ ಇದು 260 ಅಶ್ವಶಕ್ತಿಯ ಆಸುಪಾಸು.

ಪ್ರತಿ ಸಂಪೀಡಕಕ್ಕೂ ಒಂದು ನಕ್ಷೆ ಇರುತ್ತದೆ. ಅದರ ಅಡ್ಡ ಅಕ್ಷದಲ್ಲಿ ಗಾಳಿಯ ಹರಿವು, ಲಂಬ ಅಕ್ಷದಲ್ಲಿ ಒತ್ತಡದ ಅನುಪಾತ. ನಡುವೆ ದಕ್ಷತೆ ಹೆಚ್ಚಿರುವ ವಲಯ. ಬಲ ಅಂಚು ದಾಟಿದರೆ ಚಕ್ರ ಎಷ್ಟು ವೇಗವಾಗಿ ತಿರುಗಿದರೂ ಹರಿವು ಹೆಚ್ಚದೆ ಗಾಳಿ ಬಿಸಿಯಾಗುತ್ತದೆ. ಎಡ ಅಂಚು ದಾಟಿದರೆ ಗಾಳಿ ಹಿಂದಕ್ಕೂ ಮುಂದಕ್ಕೂ ತೊನೆದು ಬೇರಿಂಗಿಗೆ ಪೆಟ್ಟು ಕೊಡುತ್ತದೆ. ನಿಮ್ಮ ಎಂಜಿನ್ನಿನ ಲೆಕ್ಕ ಈ ನಕ್ಷೆಯ ನಡುವಲಯದಲ್ಲಿ ಕೂತರೆ ಆ ಟರ್ಬೊ ನಿಮ್ಮದು. ಟಿಡಿ04ರ ಬಲ ಅಂಚನ್ನು ಸಮೀಪಿಸುವ ಹರಿವನ್ನು ವಿಎಫ್39 ಆರಾಮವಾಗಿ ನಿಭಾಯಿಸುತ್ತದೆ.

ದೊಡ್ಡದಾದಷ್ಟೂ ಒಳ್ಳೆಯದೇ?

ಹಾಗಾದರೆ ಅದಕ್ಕಿಂತಲೂ ದೊಡ್ಡದನ್ನೇ ಏಕೆ ಕೊಳ್ಳಬಾರದು? ಚಕ್ರದ ವ್ಯಾಸವನ್ನು 10 ಶೇಕಡ ಹಿಗ್ಗಿಸಿದರೆ ಗಾಳಿ ಹರಿಯುವ ವಿಸ್ತೀರ್ಣ ವ್ಯಾಸದ ವರ್ಗದಂತೆ ಬೆಳೆದು 21 ಶೇಕಡ ಹೆಚ್ಚುತ್ತದೆ. ಆದರೆ ತಿರುಗಲು ಚಕ್ರ ತೋರುವ ಜಡತ್ವ ವ್ಯಾಸದ ಐದನೆಯ ಘಾತದಂತೆ ಬೆಳೆದು 61 ಶೇಕಡ ಹೆಚ್ಚುತ್ತದೆ. ದೊಡ್ಡ ಚಕ್ರ ನಿಧಾನವಾಗಿ ತಿರುಗಿದರೂ ಸಾಕು ಎಂಬುದನ್ನು ಲೆಕ್ಕಕ್ಕೆ ಹಿಡಿದರೂ, ಅಂಚಿಗೆ ಅದೇ ವೇಗ ಕೊಡಲು 33 ಶೇಕಡ ಹೆಚ್ಚು ಶಕ್ತಿ ಬೇಕು. ಪೆಡಲು ಒತ್ತಿದ ಮೇಲೆ ಕಾರು ಒಂದೆರಡು ಕ್ಷಣ ತಡವರಿಸುವುದು ಇದರಿಂದಲೇ. ಊರೊಳಗೆ ಓಡಿಸುವವರಿಗೆ ಇದು ಪ್ರಗತಿಯಲ್ಲ.

ಜೋಡಣೆಯನ್ನೂ ನೋಡಬೇಕು. ವಿಎಫ್39ರ ಫ್ಲಾಂಜುಗಳು ಡಬ್ಲ್ಯೂಆರ್‌ಎಕ್ಸ್‌ಗೆ ಹೊಂದುತ್ತವೆ. ಎಣ್ಣೆ ಮತ್ತು ನೀರಿನ ಕೊಳವೆಗಳಲ್ಲಿ ಅಲ್ಪ ಬದಲಾವಣೆ ಸಾಕು. ಆದರೆ ಜಪಾನಿನ ಕಾರುಗಳಿಂದ ಬರುವ ವಿಎಫ್36, ವಿಎಫ್37 ಟರ್ಬೊಗಳ ಟರ್ಬೈನಿಗೆ ಅನಿಲ ಎರಡು ಪ್ರತ್ಯೇಕ ದಾರಿಗಳಲ್ಲಿ ಬರಬೇಕು. ಅದಕ್ಕೆ ತಕ್ಕ ಕೊಳವೆಗಳಿಲ್ಲದೆ ಅಗ್ಗವೆಂದು ಕೊಂಡರೆ ಉಳಿಸಿದ ಹಣ ಕೊಳವೆಗೆ ಹೋಗುತ್ತದೆ.

ಹಳೆಯದನ್ನು ಪರೀಕ್ಷಿಸುವುದು ಹೇಗೆ?

50 ಮಿಮೀ ವ್ಯಾಸದ ಚಕ್ರ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು ತಿರುಗುವಾಗ ಅದರ ಅಂಚಿನ ವೇಗ ಸೆಕೆಂಡಿಗೆ 390 ಮೀಟರಿಗೂ ಹೆಚ್ಚು. ಸಾಮಾನ್ಯ ಗಾಳಿಯಲ್ಲಿ ಶಬ್ದದ ವೇಗ ಸುಮಾರು 340 ಮೀಟರ್! ಅಂಚಿನ 1 ಗ್ರಾಂ ಲೋಹವನ್ನು ಹಿಡಿದಿಡಲು 600 ಕಿಗ್ರಾಂ ತೂಕಕ್ಕೂ ಮಿಗಿಲಾದ ಬಲ ಬೇಕು. ಆದ್ದರಿಂದ ಅಲಗಿನ ಸಣ್ಣ ಮುಕ್ಕೂ ಸಣ್ಣ ವಿಷಯವಲ್ಲ. ಸಮತೋಲ ತಪ್ಪಿದ ಚಕ್ರ ಬೇರಿಂಗನ್ನು ಬೇಗನೆ ತಿಂದುಹಾಕುತ್ತದೆ.

ಮೊದಲು ಎರಡೂ ಚಕ್ರಗಳ ಅಲಗುಗಳನ್ನು ಬೆಳಕಿನಲ್ಲಿ ನೋಡಿ. ಅಮೆರಿಕದ 2002ರಿಂದ 2005ರವರೆಗಿನ ಡಬ್ಲ್ಯೂಆರ್‌ಎಕ್ಸ್‌ಗಳಲ್ಲಿ ಟರ್ಬೊಗೆ ಮುಂಚಿನ ಕೊಳವೆಯಲ್ಲೇ ಒಂದು ವೇಗವರ್ಧಕ ಪರಿವರ್ತಕ ಇತ್ತು. ಅದು ಪುಡಿಯಾದರೆ ಚೂರುಗಳು ನೇರವಾಗಿ ಟರ್ಬೈನಿಗೆ ಬಡಿಯುತ್ತವೆ. ಅಂಥ ಕಾರಿನಿಂದ ತೆಗೆದ ಟರ್ಬೊ ಆದರೆ ಟರ್ಬೈನ್ ಅಲಗುಗಳನ್ನು ಇನ್ನಷ್ಟು ಜಾಗ್ರತೆಯಿಂದ ನೋಡಬೇಕು.

ಅನಂತರ ಶಾಫ್ಟನ್ನು ಬೆರಳಿನಿಂದ ಅಲುಗಾಡಿಸಿ. ಅಕ್ಕಪಕ್ಕಕ್ಕೆ ತುಸು ಅಲುಗಾಟ ಇದ್ದರೆ ಗಾಬರಿಯಾಗಬೇಡಿ. ಸರಳ ಬೇರಿಂಗಿನಲ್ಲಿ ಶಾಫ್ಟು ಎಣ್ಣೆಯ ಪದರದ ಮೇಲೆ ತೇಲುತ್ತದೆ. ಆ ಪದರಕ್ಕೆ ಜಾಗ ಬೇಕು. ಆದರೆ ಯಾವ ಕಡೆಗೆ ಒತ್ತಿ ತಿರುಗಿಸಿದರೂ ಚಕ್ರ ಹೊರಕವಚಕ್ಕೆ ತಾಗಕೂಡದು. ಶಾಫ್ಟನ್ನು ಅದರ ಉದ್ದಕ್ಕೆ ಹಿಂದೆ ಮುಂದೆ ಎಳೆದಾಗ ಅಲುಗಾಟ ಕೈಗೆ ತಿಳಿಯುವಂತಿದ್ದರೆ ಬೇರಿಂಗ್ ಸವೆದಿರಬಹುದು. ಡಯಲ್ ಗೇಜಿನಲ್ಲಿ ಅಳೆದರೆ ಅದು ಸಾಮಾನ್ಯವಾಗಿ 0.1 ಮಿಮೀ ಒಳಗಿರಬೇಕು. ಸಂಪೀಡಕದ ಕಡೆ ಎಣ್ಣೆಯ ತೆಳು ಲೇಪ ಸಹಜ. ಟರ್ಬೈನ್ ಕಡೆ ಎಣ್ಣೆ ಒದ್ದೆಯಾಗಿದ್ದರೆ ಒಳಗಿನ ತಡೆಯುಂಗುರಗಳು ಸೋರುತ್ತಿವೆ ಎಂದರ್ಥ. ಟರ್ಬೈನ್ ಕವಚದಲ್ಲಿ ಬಿರುಕುಗಳಿವೆಯೇ, ವೇಸ್ಟ್‌ಗೇಟ್ ಬಾಗಿಲು ಪೂರ್ತಿ ಮುಚ್ಚುತ್ತದೆಯೇ ಎಂಬುದನ್ನೂ ನೋಡಿ.

ಹಳೆಯ ಟರ್ಬೊ ಏಕೆ ಕೆಟ್ಟಿತೆಂದು ತಿಳಿಯದೆ ಹೊಸದನ್ನು ಕೂರಿಸಬೇಡಿ. ಎಣ್ಣೆ ಕೊಳವೆಯಲ್ಲಿ ಮಸಿ ಕಟ್ಟಿಕೊಂಡು ಹಿಂದಿನದು ಸತ್ತಿದ್ದರೆ ಮುಂದಿನದೂ ಅದೇ ದಾರಿ ಹಿಡಿಯುತ್ತದೆ.

ಗಾಳಿ ಬಂತು, ಇಂಧನ?

ಎಂಜಿನ್ನುಗಳು ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ. ನಿಮಿಷಕ್ಕೆ 12 ಕಿಗ್ರಾಂ ಗಾಳಿಗೆ, 11.5ಕ್ಕೆ 1ರ ಅನುಪಾತದಲ್ಲಿ, ಸುಮಾರು 1400 ಮಿಲಿಲೀಟರ್ ಪೆಟ್ರೋಲ್ ಬೇಕು. ನಾಲ್ಕು ಇಂಜೆಕ್ಟರುಗಳಿಗೆ ಹಂಚಿದರೆ ತಲಾ 350. ಇಂಜೆಕ್ಟರು ಸದಾ ತೆರೆದಿರಲಾಗದು; 85 ಶೇಕಡ ಕಾಲ ಮಾತ್ರ ತೆರೆದಿರಬೇಕೆಂದರೆ ಪ್ರತಿಯೊಂದಕ್ಕೂ ನಿಮಿಷಕ್ಕೆ ಸುಮಾರು 410 ಮಿಲಿಲೀಟರ್ ಸಾಮರ್ಥ್ಯ ಬೇಕು. ಗಾಳಿ ಇನ್ನೂ ಹೆಚ್ಚಿದರೆ ದೊಡ್ಡ ಇಂಜೆಕ್ಟರು ಅನಿವಾರ್ಯ. ಇಂಧನ ಸಾಲದಿದ್ದರೆ ಮಿಶ್ರಣ ತೆಳುವಾಗಿ ದಹನದ ತಾಪ ಏರುತ್ತದೆ. ಕಿಡಿಯ ಜ್ವಾಲೆ ತಲಪುವ ಮುನ್ನವೇ ಉಳಿದ ಮಿಶ್ರಣ ತಾನಾಗಿ ಸಿಡಿಯುತ್ತದೆ. ಈ ಬಡಿತಕ್ಕೆ ಪಿಸ್ಟನ್ ಕೆಲವೇ ಕ್ಷಣಗಳಲ್ಲಿ ಒಡೆಯಬಹುದು. ಆದ್ದರಿಂದ ಟರ್ಬೊ ಬದಲಿಸಿದಾಗ ಎಂಜಿನ್ನಿನ ಗಣಕ ನಿಯಂತ್ರಣವನ್ನೂ ಹೊಸದಾಗಿ ಹೊಂದಿಸಲೇಬೇಕು. ಅದರ ಖರ್ಚು ಟರ್ಬೊದ ಬೆಲೆಯಲ್ಲೇ ಸೇರಿದೆ ಎಂದು ತಿಳಿಯಿರಿ.

ಕಾನೂನನ್ನೂ ಮರೆಯಬಾರದು. ಅಮೆರಿಕದಲ್ಲಿ ಮಾಲಿನ್ಯ ತಡೆಯ ಸಾಧನಗಳನ್ನು ಕೆಡಿಸುವುದು ಅಪರಾಧ. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯು, ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ.

ನೀವೇ ಲೆಕ್ಕ ಮಾಡಿ

ಡೆನ್ವರ್ ನಗರ ಸಮುದ್ರಮಟ್ಟದಿಂದ 1600 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ 0.83ರಷ್ಟು. ಅಲ್ಲಿಯೂ ಎಂಜಿನ್ನಿಗೆ ಸಮುದ್ರಮಟ್ಟದ ಎರಡರಷ್ಟು ಒತ್ತಡವೇ ಬೇಕೆಂದರೆ ಸಂಪೀಡಕ ಎಷ್ಟು ಪಟ್ಟು ಒತ್ತಬೇಕು? 2ನ್ನು 0.83ರಿಂದ ಭಾಗಿಸಿ: 2.4 ಪಟ್ಟು. ಆಗ ಅದೇ ದಕ್ಷತೆಯಲ್ಲಿ ತಾಪ ಏರುವುದು 94 ಅಲ್ಲ, ಸುಮಾರು 122 ಡಿಗ್ರಿ. ಒಂದು ಊರಿನಲ್ಲಿ ಸರಿಯಾಗಿದ್ದ ಟರ್ಬೊ ಇನ್ನೊಂದು ಊರಿನಲ್ಲಿ ನಕ್ಷೆಯ ಅಂಚಿಗೆ ಸರಿಯುತ್ತದೆ. ಮಾರುವವನು ತನ್ನ ಕಾರಿನಲ್ಲಿ ಅದು ಚೆನ್ನಾಗಿ ಓಡಿತೆಂದರೆ, ಯಾವ ಎಂಜಿನ್ನಿನಲ್ಲಿ, ಯಾವ ಊರಿನಲ್ಲಿ ಎಂದು ಕೇಳಿ.